ಕರುಣೆಯ ಉಳಿದರ್ಧ



ಸಮಾರಿಯದವನ ಸಾಮತಿಯನ್ನು ನಾವೆಲ್ಲರೂ ಬಲ್ಲೆವು. ದಾರಿಯಲ್ಲಿ ಬಿದ್ದಿದ್ದವನ ಗಾಯಗಳಿಗೆ ಅವನು ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದುದು ನಮಗೆ ನೆನಪಿದೆ. ಆದರೆ ಕಥೆಯ ಉಳಿದರ್ಧದ ಮೇಲೆ ನಮ್ಮ ಗಮನ ನಿಲ್ಲುವುದು ಅಪರೂಪ. ಅವನು ಗಾಯಾಳುವನ್ನು ಛತ್ರಕ್ಕೆ ಕರೆದೊಯ್ದು ಆರೈಕೆ ಮಾಡಿದನು. ಮರುದಿನ ಛತ್ರದವನ ಕೈಗೆ ಎರಡು ನಾಣ್ಯಗಳನ್ನಿತ್ತನು. ಹೆಚ್ಚು ಖರ್ಚಾದರೆ ಹಿಂದಿರುಗಿ ಬರುವಾಗ ತೀರಿಸುವೆನೆಂದು ಮಾತು ಕೊಟ್ಟನು. ಒಪ್ಪಿಸಿದ ಮಾತ್ರಕ್ಕೆ ಅವನ ಹೊಣೆ ಮುಗಿಯಲಿಲ್ಲ.

ಸಾಮತಿ ಮನುಷ್ಯರನ್ನು ಕುರಿತದ್ದು, ನಿಜ. ಆದರೂ ಮೂಕಪ್ರಾಣಿಗಳಿಗೆ ನಾವು ತೋರುವ ಕರುಣೆಗೂ ಅದು ದಾರಿ ತೋರಬಲ್ಲದು. ಮಳೆಯಲ್ಲಿ ನೆನೆಯುತ್ತಿರುವ ನಾಯಿಮರಿಯೊಂದನ್ನು ಚರಂಡಿಯಿಂದ ಎತ್ತಿ ತರುವುದು ಸುಲಭ. ಆ ಕ್ಷಣದಲ್ಲಿ ಮರುಕ ತಾನಾಗಿಯೇ ಉಕ್ಕುತ್ತದೆ. ಕಷ್ಟವಾದುದು ಅನಂತರದ ಪ್ರಶ್ನೆ: ಇದನ್ನು ಯಾರ ಕೈಗೆ ಒಪ್ಪಿಸಬೇಕು? ನಮ್ಮ ಮನೆಯಲ್ಲಿ ಸ್ಥಳವಿಲ್ಲ, ಬಾಡಿಗೆ ಮನೆಯಾದರೆ ಒಡೆಯರು ಒಪ್ಪುವುದಿಲ್ಲ. ಯಾರಾದರೂ ಕೊಂಡೊಯ್ದರೆ ಸಾಕೆಂಬ ಆತುರ ಆಗ ಹುಟ್ಟುತ್ತದೆ. ಹೀಗೆ ಕೊಟ್ಟ ಮರಿ ತೋಟದ ಕಾವಲಿಗೆಂದು ಹಗಲಿರುಳು ಸರಪಳಿಯಲ್ಲೇ ಬಾಳು ಸವೆಸಬಹುದು. ಮರಿ ಮಾರುವವರ ಕೈಗೆ ಸಿಕ್ಕಿ ಹೆರುವ ಯಂತ್ರವಾಗಬಹುದು. ಮಕ್ಕಳ ಆಟದ ಹಂಬಲ ತೀರಿದೊಡನೆ ಊರಾಚೆ ಬೀದಿಪಾಲಾಗಬಹುದು. ಹಾಗಾದರೆ ನಾವು ಅದನ್ನು ಒಂದು ಸಂಕಟದಿಂದ ಎತ್ತಿ ಇನ್ನೊಂದಕ್ಕೆ ಇಳಿಸಿದೆವಷ್ಟೇ.

ಇಲ್ಲಿ ಒಂದು ನೈತಿಕ ಸಂದೇಹ ಏಳುತ್ತದೆ. ಪ್ರೀತಿಯಿಂದ ಕೇಳಿದವರನ್ನು ಪ್ರಶ್ನಿಸುವುದು, ಕೆಲವೊಮ್ಮೆ 'ಇಲ್ಲ' ಎನ್ನುವುದು, ನೆರೆಯವರನ್ನು ಸಂಶಯಿಸಿದಂತಲ್ಲವೇ? ಯೋಚಿಸಿ ನೋಡಿ. ಮಗುವನ್ನು ವಿದ್ಯಾರ್ಥಿನಿಲಯಕ್ಕೆ ಸೇರಿಸುವ ಮುನ್ನ ಊಟ, ವಸತಿ, ಮೇಲ್ವಿಚಾರಕರ ಸ್ವಭಾವ ಎಲ್ಲವನ್ನೂ ವಿಚಾರಿಸುತ್ತೇವೆ. ಅದನ್ನು ಯಾರೂ ಅವಮಾನವೆಂದು ಎಣಿಸುವುದಿಲ್ಲ. ಆ ಮಗುವಾದರೋ ರಜೆಯಲ್ಲಿ ಮನೆಗೆ ಬಂದು ತನ್ನ ದುಃಖವನ್ನು ಹೇಳಿಕೊಳ್ಳಬಲ್ಲದು. ನಾಯಿಗೆ ಆ ಬಾಯಿಲ್ಲ. ಅದರ ಪರವಾಗಿ ಮೊದಲೇ ಕೇಳಬೇಕಾದವರು ನಾವು.

ಆದುದರಿಂದ, ಕೊಡುವ ಮುನ್ನ ಆ ಮನೆಗೆ ಸ್ವತಃ ಹೋಗಿ ನೋಡಿ. ಮನೆಯವರೆಲ್ಲರ ಒಪ್ಪಿಗೆ ಇದೆಯೇ, ಹಗಲಲ್ಲಿ ಅದನ್ನು ನೋಡಿಕೊಳ್ಳುವವರು ಯಾರು, ಲಸಿಕೆ ಮತ್ತು ಚಿಕಿತ್ಸೆಯ ಖರ್ಚನ್ನು ಭರಿಸಬಲ್ಲರೇ ಎಂದು ವಿಚಾರಿಸಿ. 8 ವಾರ ತುಂಬದ ಮರಿಯನ್ನು ತಾಯಿಯಿಂದ ಅಗಲಿಸಬೇಡಿ. ಪಶುವೈದ್ಯರಿಗೆ ತೋರಿಸಿ, ಸುಮಾರು 3 ತಿಂಗಳಿಗೆ ರೇಬೀಸ್ ಲಸಿಕೆ, ತಕ್ಕ ವಯಸ್ಸಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಆಗುವಂತೆ ನೋಡಿಕೊಳ್ಳಿ. ಅದು ಕಚ್ಚುವ ಸ್ವಭಾವದ್ದಾದರೆ ಮರೆಮಾಚಬೇಡಿ. ಪ್ರಾಣಿದಯೆಯ ಹೆಸರಿನಲ್ಲಿ ನೆರೆಯವನಿಗೆ ಸುಳ್ಳು ಹೇಳುವುದು ಸಲ್ಲದು. ಕ್ರಿಸ್ಮಸ್ ಕೊಡುಗೆಯೆಂದು ನಾಯಿಮರಿಯನ್ನು ಯಾರಿಗೂ ಹೊರಿಸಬೇಡಿ. ವಾರ ಕಳೆದು ಒಮ್ಮೆ, ತಿಂಗಳು ಕಳೆದು ಮತ್ತೊಮ್ಮೆ ಹೋಗಿ ನೋಡಿ ಬನ್ನಿ. 'ಸಾಕಲಾಗದಿದ್ದರೆ ಬೀದಿಗೆ ಬಿಡಬೇಡಿ, ನಮಗೇ ಹಿಂದಿರುಗಿಸಿ' ಎಂದು ಹೇಳಿ ಬನ್ನಿ. ಸಮಾರಿಯದವನು ಛತ್ರದವನಿಗೆ ಕೊಟ್ಟ ಮಾತು ಇಂಥದೇ.

ಹಸಿದ ಮನುಷ್ಯರಿರುವಾಗ ನಾಯಿಗಳ ಚಿಂತೆ ಏಕೆಂದು ಕೆಲವರು ಕೇಳುವರು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು (2418) ಎರಡೂ ಬದಿಯನ್ನು ತೂಗಿದೆ: ಪ್ರಾಣಿಗಳನ್ನು ಅನಗತ್ಯವಾಗಿ ನೋಯಿಸುವುದು ಮಾನವ ಘನತೆಗೆ ತಕ್ಕುದಲ್ಲ, ಮನುಷ್ಯರ ಸಂಕಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಅವುಗಳಿಗೆ ಸುರಿಯುವುದೂ ತಕ್ಕುದಲ್ಲ. ಆದರೆ ಗಮನಿಸಿ, ನಾಯಿಯನ್ನು ಹಿಂಸಿಸದಿರಲು ಹಣ ಬೇಕಿಲ್ಲ. ಕೇಳಿ, ವಿಚಾರಿಸಿ ಕೊಡಲು ಬೇಕಾದುದು ಸ್ವಲ್ಪ ಸಮಯ ಮಾತ್ರ.

1960ರ ಪ್ರಾಣಿಹಿಂಸೆ ತಡೆ ಕಾಯಿದೆಯು, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದನ್ನೂ ಕ್ರೌರ್ಯವೆಂದೇ ಎಣಿಸಿತು. ಆದರೆ ಮೊದಲ ಅಪರಾಧಕ್ಕೆ ಅದು ಗೊತ್ತುಪಡಿಸಿದ ದಂಡ 10ರಿಂದ 50 ರೂಪಾಯಿ! ಇಷ್ಟು ಅಲ್ಪ ದಂಡಕ್ಕೆ ಯಾರು ಅಂಜುವರು? ಅಂಜಿಕೆ ಇರಬೇಕಾದುದು ಮನಸ್ಸಾಕ್ಷಿಯಲ್ಲಿ. ಆ ಮನಸ್ಸಾಕ್ಷಿ ರೂಪುಗೊಳ್ಳುವುದು ಮನೆಯಲ್ಲಿ. ನಾಯಿಯ ಬಾಲಕ್ಕೆ ಪಟಾಕಿ ಕಟ್ಟಿ ನಗುವ ಮಗನನ್ನು ಕಂಡು ತಂದೆಯೂ ನಕ್ಕರೆ, ದುರ್ಬಲರ ನೋವು ವಿನೋದವೆಂಬ ಪಾಠ ಅಂದೇ ಮುಗಿಯುತ್ತದೆ. ಆ ಪಾಠ ನಾಯಿಯ ಬಳಿಯಲ್ಲೇ ನಿಲ್ಲುವುದೆಂದು ಯಾರು ಹೇಳಬಲ್ಲರು?

ಒಬ್ಬರಿಂದ ಎಲ್ಲವೂ ಆಗದು. ಶಕ್ತಿಮೀರಿ ಹತ್ತಾರು ನಾಯಿಗಳನ್ನು ಕೂಡಿಹಾಕಿ ಅರೆಹೊಟ್ಟೆಯಲ್ಲಿಡುವುದೂ ದಯೆಯಲ್ಲ. ಆದರೆ ಧರ್ಮಕೇಂದ್ರದ ಮೂರು ನಾಲ್ಕು ಕುಟುಂಬಗಳು ಕೂಡಿದರೆ, ಒಬ್ಬರು ಕೆಲವು ದಿನ ಆಶ್ರಯ ಕೊಡಬಹುದು, ಇನ್ನೊಬ್ಬರು ಪಶುವೈದ್ಯರ ಬಳಿ ಕೊಂಡೊಯ್ಯಬಹುದು, ಮತ್ತೊಬ್ಬರು ಒಳ್ಳೆಯ ಮನೆ ಹುಡುಕಬಹುದು. ತೊಬಿತನ ಗ್ರಂಥದಲ್ಲಿ ತೊಬಿಯಾಸನೂ ದೇವದೂತ ರಫಾಯೇಲನೂ ಪಯಣ ಹೊರಟಾಗ ಒಂದು ನಾಯಿಯೂ ಜೊತೆಗೆ ನಡೆಯಿತು. ಅದು ಯಾವ ಪವಾಡವನ್ನೂ ಮಾಡಲಿಲ್ಲ. ಆದರೂ ಪವಿತ್ರ ಗ್ರಂಥ ಅದನ್ನು ಮರೆಯಲಿಲ್ಲ. ನಮ್ಮ ಜೊತೆಗೆ ನಡೆಯುವ ಈ ಜೀವಿಗಳನ್ನು ಮರೆಯದಂತೆ ಸೃಷ್ಟಿಕರ್ತರು ನಮ್ಮ ಮನೆಗಳನ್ನು ಹರಸಲಿ.