ಅರ್ಧ ಬಂದ ಭಾಷೆ, ಪೂರ್ತಿ ಮನುಷ್ಯ

ಅರ್ಧಂಬರ್ಧ ಬರುವ ಭಾಷೆಯಲ್ಲಿ ಒಬ್ಬರು ಆಡಿದ ಮಾತನ್ನು ಎಷ್ಟರ ಮಟ್ಟಿಗೆ ಅವರದೇ ಮಾತು ಎಂದು ಹಿಡಿಯಬಹುದು? ಹೊರನಾಡಿನಲ್ಲಿರುವ ನಮಗೆ ಈ ಪ್ರಶ್ನೆ ಹೊಸದಾಗಬಾರದು. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ಯಾವ ಊರೇ ಇರಲಿ, ನಮ್ಮ ದಿನದ ಹೆಚ್ಚಿನ ಮಾತು ನಮ್ಮದಲ್ಲದ ಭಾಷೆಯಲ್ಲೇ ಮುಗಿಯುತ್ತದೆ. ಆದರೆ ದಿನವೂ ನಡೆಯುವ ಸಂಗತಿಯ ಬಗ್ಗೆ ಯಾರೂ ಕೂತು ಯೋಚಿಸುವುದಿಲ್ಲ. ನನಗೆ ಆ ಯೋಚನೆ ಬಂದದ್ದು ದೂರದ ಸ್ಪೇನಿನಲ್ಲಿ, ಸಾಲಮಾಂಕಾ ಎಂಬ ಊರಿನಲ್ಲಿ, ಒಂದು ಬೇಸಿಗೆಯ ನಾಲ್ಕು ವಾರ ಸ್ಪ್ಯಾನಿಷ್ ಕಲಿಯಲು ಹೋಗಿದ್ದಾಗ.

ಹೋದದ್ದಕ್ಕೆ ಘನವಾದ ಕಾರಣವೇನೂ ಇರಲಿಲ್ಲ. ಪುಣೆಯಲ್ಲಿ ನಾನು ಕೆಲಸ ಮಾಡುವ ಕಂಪನಿಗೆ ಮೆಕ್ಸಿಕೋದಲ್ಲಿ ಗಿರಾಕಿಗಳಿದ್ದಾರೆ. ಎರಡು ವರ್ಷ ಸಂಜೆ ಕ್ಲಾಸಿಗೆ ಹೋಗಿ ಒಂದಿಷ್ಟು ಕಲಿತಿದ್ದೆ. ಇಮೇಲ್ ಓದಿದರೆ ಅರ್ಥವಾಗುತ್ತಿತ್ತು, ಫೋನಿನಲ್ಲಿ ನಾಲಿಗೆ ಏಳುತ್ತಿರಲಿಲ್ಲ. ರಜೆ ಕೂಡಿಸಿಕೊಂಡು ಹೊರಟೆ. ಮ್ಯಾಡ್ರಿಡ್‌ನಿಂದ ಇನ್ನೂರು ಕಿಲೋಮೀಟರ್ ಆಚೆಗಿರುವ ಸಾಲಮಾಂಕಾದಲ್ಲಿ 1218ರಲ್ಲಿ ಶುರುವಾದ ವಿಶ್ವವಿದ್ಯಾಲಯವಿದೆ. ಹಳೆಯ ಊರೆಲ್ಲ ಒಂದೇ ಬಗೆಯ ಹೊಂಬಣ್ಣದ ಕಲ್ಲಿನಲ್ಲಿ ಕಟ್ಟಿದ್ದು. ಬೇಸಿಗೆಯಲ್ಲಿ ಅಲ್ಲಿ ಎತ್ತ ನೋಡಿದರೂ ಭಾಷೆ ಕಲಿಯಲು ಬಂದವರೇ. ನಾನು ಉಳಿದದ್ದು ಒಬ್ಬ ಅಜ್ಜಿಯ ಮನೆಯಲ್ಲಿ. ಮಧ್ಯಾಹ್ನದ ಊಟ ಎರಡೂವರೆಗೆ, ರಾತ್ರಿಯದು ಹತ್ತಕ್ಕೆ. ಹತ್ತಾದರೂ ಆಕಾಶದಲ್ಲಿ ಇನ್ನೂ ಬೆಳಕು.

ಯುರೋಪಿನಲ್ಲಿ ಭಾಷೆ ಕಲಿಕೆಗೆ ಆರು ಮೆಟ್ಟಿಲುಗಳನ್ನು ಮಾಡಿದ್ದಾರೆ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಚೌಕಟ್ಟು ಅದು. ನನ್ನದು ಮೂರನೆಯ ಮೆಟ್ಟಿಲು, ಬಿ1. ಸ್ಪ್ಯಾನಿಷ್‌ನಲ್ಲಿ ಈ ಹಂತಕ್ಕೆ 'ಉಂಬ್ರಾಲ್' ಎನ್ನುತ್ತಾರೆ, ಅಂದರೆ ಹೊಸ್ತಿಲು. ಹೆಸರು ಸರಿಯಾಗಿದೆ. ಹೊರಗಿನವರು ಅನ್ನುವಂತಿಲ್ಲ, ಒಳಗಿನವರೂ ಅಲ್ಲ. ಬ್ರೆಡ್ಡು ಕೊಳ್ಳಲು, ದಾರಿ ಕೇಳಲು, ನಿನ್ನೆ ಏನು ಮಾಡಿದೆ ಎಂದು ಹೇಳಲು ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಅಭಿಪ್ರಾಯ ಹೇಳುವಲ್ಲಿ.

ಎರಡನೆಯ ವಾರ ತರಗತಿಯಲ್ಲಿ ಒಂದು ಚರ್ಚೆ ಇಟ್ಟರು. ವಯಸ್ಸಾದ ತಂದೆತಾಯಿ ಮಕ್ಕಳ ಜೊತೆ ಇರಬೇಕೇ, ವೃದ್ಧಾಶ್ರಮದಲ್ಲಿ ಇರಬೇಕೇ? ನನ್ನ ಅವ್ವ ಧಾರವಾಡದಲ್ಲಿ, ನಾನು ಪುಣೆಯಲ್ಲಿ. ಅವಳಿಗೆ ತನ್ನ ಓಣಿ, ತನ್ನ ಬಾವಿಕಟ್ಟೆ, ತನ್ನ ಗೆಳತಿಯರು ಬೇಕು. ನನಗೆ ಅವಳು ಬೇಕು, ಇಲ್ಲಿಯ ಕೆಲಸವೂ ಬೇಕು. ನಮ್ಮಿಬ್ಬರ ನಡುವೆ ಇಪ್ಪತ್ತು ವರ್ಷಗಳಿಂದ ನಡೆದಿರುವ ಮಾತುಕತೆಯನ್ನು ಕನ್ನಡದಲ್ಲಿ ಹೇಳಲೂ ನನಗೆ ಒಂದು ಸಂಜೆ ಪೂರ್ತಿ ಬೇಕು. ಸ್ಪ್ಯಾನಿಷ್‌ನಲ್ಲಿ ನನ್ನ ಕೈಯಲ್ಲಿದ್ದದ್ದು ನಾಲ್ಕು ವಾಕ್ಯ. 'ನಮ್ಮಲ್ಲಿ ತಂದೆತಾಯಿ ಮಕ್ಕಳ ಜೊತೆ ಇರುತ್ತಾರೆ. ಅದು ಒಳ್ಳೆಯದು. ಆದರೆ ಈಗ ಕಷ್ಟ. ಇನ್ನೂ ಹೇಳುವುದಿದೆ, ಹೇಗೆ ಹೇಳಬೇಕೋ ತಿಳಿಯದು.' ಪಕ್ಕದಲ್ಲಿದ್ದ ಡಚ್ ಹುಡುಗಿ ಮೊದಲಿನ ಎರಡು ವಾಕ್ಯಗಳನ್ನಷ್ಟೇ ಎತ್ತಿಕೊಂಡು, ಭಾರತದಲ್ಲಿ ಈ ಸಮಸ್ಯೆಯೇ ಇಲ್ಲವಂತೆ, ಎಷ್ಟು ಚೆಂದ ಎಂದಳು.

ನಾನು ಸುಳ್ಳು ಹೇಳಿದೆನೇ? ಇಲ್ಲ. ಸುಳ್ಳಿಗೆ ಮೋಸದ ಉದ್ದೇಶ ಬೇಕು. ಹಾಗಿದ್ದರೆ ನಿಜ ಹೇಳಿದೆನೇ? ಅದೂ ಪೂರ್ತಿ ಅಲ್ಲ. ನಾನು ಹೇಳಿದ್ದು ನನಗೆ ಹೇಳಬೇಕು ಅನ್ನಿಸಿದ್ದನ್ನಲ್ಲ, ಹೇಳಲು ಬರುವುದನ್ನು. ಸತ್ಯ ಮತ್ತು ಸುಳ್ಳಿನ ನಡುವೆ ಇಂಥದ್ದೊಂದು ಮೂರನೆಯ ಜಾಗ ಇದೆಯೆಂದು ಒಪ್ಪಿಕೊಳ್ಳದೆ ಗತಿಯಿಲ್ಲ. ಒಂದು ಭಾಷೆಯಲ್ಲೇ ಹುಟ್ಟಿ ಬೆಳೆದು ಅಲ್ಲೇ ಮುದುಕರಾದವರಿಗೆ ಈ ಜಾಗದ ಪರಿಚಯ ಕಡಿಮೆ. ಹೊಟ್ಟೆಪಾಡಿಗೆ ಊರು ಬಿಟ್ಟವರು ಅಲ್ಲೇ ಮನೆ ಮಾಡಿಕೊಂಡಿರುತ್ತಾರೆ.

ಭಾಷೆ ನಮ್ಮ ಜವಾಬ್ದಾರಿಯ ಬಗ್ಗೆ ಏನು ಮಾಡುತ್ತದೆ ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲೇ ಒಳ್ಳೆಯ ಉದಾಹರಣೆಗಳಿವೆ. ಕೈಯಿಂದ ಲೋಟ ಜಾರಿ ಬಿದ್ದರೆ ಇಂಗ್ಲಿಷಿನವರು 'ನಾನು ಬೀಳಿಸಿದೆ' ಎನ್ನುತ್ತಾರೆ. ಸ್ಪ್ಯಾನಿಷ್‌ನವರು 'ಸೆ ಮೆ ಕಾಯೋ' ಎನ್ನುತ್ತಾರೆ. ತಾನಾಗಿ ಬಿತ್ತು, ತೊಂದರೆ ತಟ್ಟಿದ್ದು ನನಗೆ ಎಂಬಂಥ ವಾಕ್ಯ. ಮರೆವಿಗೂ ಹಾಗೆಯೇ, 'ಸೆ ಮೆ ಓಲ್ವಿದೋ'. ತರಗತಿಯಲ್ಲಿ ಇಂಗ್ಲಿಷ್ ಮಾತಾಡುವವರು ಈ ವಾಕ್ಯಕ್ಕೆ ತಿಣುಕಾಡಿದರು. ನನಗೆ ಏನೂ ಕಷ್ಟವಾಗಲಿಲ್ಲ. ನಾವು 'ಕೈಜಾರಿ ಬಿತ್ತು', 'ಮರೆತುಹೋಯ್ತು' ಎಂದೇ ಅಲ್ಲವೇ ಹೇಳುವುದು? 'ಮೆ ಗುಸ್ತಾ' ಎಂಬುದೂ ನಮ್ಮ 'ನನಗೆ ಇಷ್ಟ'ದ ಅಚ್ಚೇ. ಇಷ್ಟಪಡುವ 'ನಾನು' ಅಲ್ಲಿ ಯಜಮಾನನಲ್ಲ, ಬಂದದ್ದನ್ನು ಬರಮಾಡಿಕೊಳ್ಳುವವನು.

ಇದು ಬರಿಯ ವ್ಯಾಕರಣವೇ? ಕೇಟ್ಲಿನ್ ಫಾಸಿ ಮತ್ತು ಲೆರಾ ಬೊರೊಡಿಟ್ಸ್ಕಿ ಎಂಬ ಸಂಶೋಧಕರು 2011ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಮಾತಾಡುವವರಿಗೆ ಸಣ್ಣಸಣ್ಣ ವಿಡಿಯೊಗಳನ್ನು ತೋರಿಸಿದರು. ಕೆಲವದರಲ್ಲಿ ವ್ಯಕ್ತಿ ಬೇಕೆಂದೇ ಒಂದು ಕೆಲಸ ಮಾಡುತ್ತಾನೆ, ಕೆಲವದರಲ್ಲಿ ಅಕಸ್ಮಾತ್ ಆಗುತ್ತದೆ. ಬೇಕೆಂದು ಮಾಡಿದ್ದು ಯಾರು ಎಂಬುದನ್ನು ಎರಡೂ ಗುಂಪಿನವರು ಒಂದೇ ರೀತಿ ನೆನಪಿಟ್ಟಿದ್ದರು. ಅಕಸ್ಮಾತ್ ಆದದ್ದರಲ್ಲಿ ಇಂಗ್ಲಿಷಿನವರಿಗೆ ವ್ಯಕ್ತಿ ಹೆಚ್ಚು ನೆನಪಿದ್ದ, ಸ್ಪ್ಯಾನಿಷ್‌ನವರಿಗೆ ಕಡಿಮೆ. ಹಾಗೆಂದು ಸ್ಪ್ಯಾನಿಷ್ ಅಥವಾ ಕನ್ನಡ ಜವಾಬ್ದಾರಿ ತಪ್ಪಿಸಿಕೊಳ್ಳುವ ಭಾಷೆ ಎಂದು ನಾನು ಒಪ್ಪುವುದಿಲ್ಲ. ಮಾಡಿದ್ದು ಬೇರೆ, ಆದದ್ದು ಬೇರೆ ಎಂಬ ವಿವೇಕ ಅದರಲ್ಲಿದೆ. ಬಿದ್ದ ಚೂರುಗಳನ್ನು ಆರಿಸುವವರು ಯಾರು ಎಂಬುದನ್ನು ವಾಕ್ಯ ತೀರ್ಮಾನಿಸುವುದಿಲ್ಲ, ನಾವು ತೀರ್ಮಾನಿಸುತ್ತೇವೆ.

ಇನ್ನೊಂದು ಪಾಠ ಇದಕ್ಕಿಂತ ಹಿಡಿಸಿತು. 'ಅವನು ಬರುತ್ತಾನೆ ಎಂದುಕೊಂಡಿದ್ದೇನೆ' ಎನ್ನುವಾಗ ಸ್ಪ್ಯಾನಿಷ್‌ನ ಕ್ರಿಯಾಪದ 'ವಿಯೆನೆ'. 'ಬರುತ್ತಾನೆ ಎಂದು ನನಗನ್ನಿಸುವುದಿಲ್ಲ' ಎನ್ನುವಾಗ ಅದು 'ವೆಂಗಾ' ಆಗುತ್ತದೆ. ತಾನು ಖಚಿತವಾಗಿ ಹೇಳುತ್ತಿರುವುದಕ್ಕೆ ಒಂದು ರೂಪ. ಸಂಶಯ, ಆಸೆ, ಭಯಗಳಿಗೆ ಇನ್ನೊಂದು ರೂಪ. ಮಧ್ಯಮ ಹಂತದ ಬಹುಪಾಲು ಬೆವರು ಹರಿಯುವುದು ಇಲ್ಲೇ. ನನಗೆ ನೆನಪಾದದ್ದು ನಮ್ಮ 'ಅಂತೆ'. 'ಬಂದ' ಎಂದರೆ ಆ ಮಾತಿನ ಹೊಣೆ ನನ್ನದು, 'ಬಂದನಂತೆ' ಎಂದರೆ ಕೇಳಿದ್ದನ್ನು ದಾಟಿಸಿದೆ ಅಷ್ಟೇ. ಎರಡು ಭಾಷೆಗಳ ನಡುವೆ ನೆಂಟಸ್ತಿಕೆಯಿಲ್ಲ, ದಾರಿಗಳೂ ಬೇರೆ. ಆದರೆ ನಿನ್ನ ಮಾತಿಗೆ ನೀನು ಎಷ್ಟು ಹೊಣೆ ಎಂಬುದನ್ನು ಕೇಳುವವರಿಗೆ ತಿಳಿಸು ಎಂದು ಎರಡೂ ಒತ್ತಾಯಿಸುತ್ತವೆ. ಅರ್ಧ ಭಾಷೆಯವರಿಗೆ ಮೊದಲು ಕೈಕೊಡುವುದು ಇಂಥವೇ. ಕನ್ನಡ ಕಲಿಯುತ್ತಿರುವವರು 'ಅಂತೆ' ಬಿಟ್ಟು ಮಾತಾಡಿದರೆ ಗಾಳಿಮಾತನ್ನು ಕಣ್ಣಾರೆ ಕಂಡಂತೆ ಹೇಳಿದ ಹಾಗಾಗುತ್ತದೆ. ಕೇಳುವವರು ಅವರನ್ನು ಚಾಡಿಕೋರರು ಎಂದರೆ ಅದು ನ್ಯಾಯವೇ?

ಇನ್ನೂ ಆಳದ ಪ್ರಶ್ನೆ, ಕಲಿತ ಭಾಷೆಯಲ್ಲಿ ನಮ್ಮ ನೈತಿಕ ತೀರ್ಮಾನವೇ ಬದಲಾಗುತ್ತದೆಯೇ ಎಂಬುದು. ಬಾರ್ಸಿಲೋನಾದ ಮನೋವಿಜ್ಞಾನಿ ಆಲ್ಬರ್ಟ್ ಕೋಸ್ಟಾ ಮತ್ತು ಸಂಗಡಿಗರು 2014ರಲ್ಲಿ ಈ ಬಗ್ಗೆ ಬರೆದರು. ಹಳಿಯ ಮೇಲೆ ಬರುತ್ತಿರುವ ಟ್ರಾಲಿ ಐದು ಜನರನ್ನು ಕೊಲ್ಲಲಿದೆ. ಸೇತುವೆಯ ಮೇಲಿರುವ ಒಬ್ಬ ದಪ್ಪ ಮನುಷ್ಯನನ್ನು ನೀವು ತಳ್ಳಿದರೆ ಐವರು ಉಳಿಯುತ್ತಾರೆ, ತಳ್ಳುತ್ತೀರಾ? ತಾಯ್ನುಡಿಯಲ್ಲಿ ಕೇಳಿದಾಗ ತಳ್ಳುತ್ತೇನೆ ಎಂದವರಿಗಿಂತ, ಕಲಿತ ಭಾಷೆಯಲ್ಲಿ ಕೇಳಿದಾಗ ಹಾಗೆಂದವರು ಹೆಚ್ಚು. ಕೈಯಿಂದ ತಳ್ಳುವ ಬದಲು ಸ್ವಿಚ್ ಒತ್ತಿ ಟ್ರಾಲಿಯ ಹಳಿ ಬದಲಿಸುವ ಪ್ರಶ್ನೆಯಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಕಲಿತ ಭಾಷೆ ಕರುಳಿನಿಂದ ದೂರವಿರುತ್ತದೆ, ಲೆಕ್ಕಕ್ಕೆ ಹತ್ತಿರವಿರುತ್ತದೆ ಎಂಬುದು ಅವರ ವಿವರಣೆ.

ಇದನ್ನು ಎರಡು ರೀತಿ ಓದಬಹುದು. ಭಾವನೆಯ ಹಿಡಿತದಿಂದ ಬಿಡಿಸಿಕೊಂಡು ತಣ್ಣಗೆ ಯೋಚಿಸಲು ಪರಭಾಷೆ ಸಹಾಯ ಮಾಡುತ್ತದೆ ಎನ್ನಬಹುದು. ಒಬ್ಬ ಮನುಷ್ಯನನ್ನು ಕೈಯಾರೆ ತಳ್ಳಲು ಹೋದಾಗ ಒಳಗಿಂದ 'ಬೇಡ' ಎನ್ನುವ ದನಿ ಪರಭಾಷೆಯಲ್ಲಿ ಕ್ಷೀಣವಾಗುತ್ತದೆ ಎಂದೂ ಹೇಳಬಹುದು. ನನಗೆ ಎರಡನೆಯದು ಹೆಚ್ಚು ಕಾಡುತ್ತದೆ. ಯಾರನ್ನು ಕೆಲಸದಿಂದ ತೆಗೆಯಬೇಕು, ಯಾರ ಸಾಲ ಮಂಜೂರು ಮಾಡಬಾರದು, ಐಸಿಯುನಲ್ಲಿರುವ ಅಪ್ಪನ ವೆಂಟಿಲೇಟರ್ ಮುಂದುವರಿಸಬೇಕೇ ಎಂಬುದನ್ನೆಲ್ಲ ನಾವು ಇಂಗ್ಲಿಷಿನಲ್ಲೇ ನಿರ್ಧರಿಸುತ್ತೇವೆ. ಅಂಥ ತೀರ್ಮಾನಕ್ಕೆ ಸಹಿ ಹಾಕುವ ಮೊದಲು ಅದನ್ನೇ ಒಮ್ಮೆ ಕನ್ನಡದಲ್ಲಿ ಜೋರಾಗಿ ಹೇಳಿಕೊಂಡು ನೋಡುವುದು ಒಳ್ಳೆಯ ಅಭ್ಯಾಸ. ತೀರ್ಮಾನ ಬದಲಾಗದೇ ಇರಬಹುದು. ಆದರೆ ಎರಡೂ ದನಿಗಳನ್ನು ಕೇಳಿ ತೀರ್ಮಾನಿಸಿದಂತಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮಾತಾಡುವವರ ಪಾಡು. ಕೇಳುವವರ ಕರ್ತವ್ಯ ಏನು? ಇದಕ್ಕೆ ಸಾಲಮಾಂಕಾದ ಚರಿತ್ರೆಯಲ್ಲೇ ಒಂದು ಭಯಂಕರ ಪಾಠವಿದೆ. 1492ರಲ್ಲಿ ಆಂತೋನಿಯೊ ದೆ ನೆಬ್ರಿಹಾ ಬರೆದ ಸ್ಪ್ಯಾನಿಷ್ ವ್ಯಾಕರಣ ಅಚ್ಚಾದದ್ದು ಈ ಊರಿನಲ್ಲೇ. ಅದೇ ವರ್ಷ ಕೊಲಂಬಸ್ ಅಟ್ಲಾಂಟಿಕ್ ದಾಟಿದ. ಇಪ್ಪತ್ತೊಂದು ವರ್ಷಗಳ ನಂತರ, 1513ರಲ್ಲಿ, ಪಾಲಾಸಿಯೋಸ್ ರೂಬಿಯೋಸ್ ಎಂಬ ನ್ಯಾಯಪಂಡಿತ 'ರೆಕೆರಿಮಿಯೆಂತೊ' ಎಂಬ ಪತ್ರ ಬರೆದುಕೊಟ್ಟ. ಅಮೆರಿಕದ ಮೂಲನಿವಾಸಿಗಳ ಮೇಲೆ ಯುದ್ಧಕ್ಕೆ ಹೋಗುವ ಮೊದಲು ಸೈನಿಕರು ಇದನ್ನು ಓದಿ ಹೇಳಬೇಕಿತ್ತು. ನಿಮ್ಮ ನೆಲವನ್ನು ಪೋಪ್ ನಮ್ಮ ರಾಜರಿಗೆ ಕೊಟ್ಟಿದ್ದಾರೆ, ಒಪ್ಪಿಕೊಳ್ಳಿ; ಒಪ್ಪದಿದ್ದರೆ ಯುದ್ಧ ಮಾಡಿ ನಿಮ್ಮನ್ನು ಗುಲಾಮರಾಗಿಸುತ್ತೇವೆ, ಆಗುವ ಸಾವುನೋವಿಗೆ ನೀವೇ ಹೊಣೆ ಎಂಬುದು ಅದರ ತಿರುಳು. ಕೇಳುವವರಿಗೆ ಸ್ಪ್ಯಾನಿಷ್‌ನ ಒಂದಕ್ಷರವೂ ಬರುತ್ತಿರಲಿಲ್ಲ. ಜನರೇ ಇಲ್ಲದ ಊರುಗಳ ಮುಂದೆ ಓದಿದ್ದೂ ಉಂಟು. ಓದಿ ಮುಗಿಸಿದ್ದಕ್ಕೆ ಸಾಕ್ಷಿ ಬರೆಸಿಕೊಂಡರೆ ಕಾನೂನಿನ ಕೆಲಸ ಮುಗಿಯಿತು. ಇದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯದಾಯಿತೆಂದು ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಪಾದ್ರಿ ಬರೆದಿಟ್ಟಿದ್ದಾನೆ.

ಪ್ರಶ್ನೆ ಎತ್ತಿದವರೂ ಇದೇ ಊರಿನಲ್ಲಿದ್ದರು. ಸಾನ್ ಎಸ್ತೆಬಾನ್ ಮಠದ ಫ್ರಾನ್ಸಿಸ್ಕೊ ದೆ ವಿತೋರಿಯಾ 1539ರಲ್ಲಿ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಟ್ಟು, ಪೋಪ್ ಕೊಟ್ಟ ಹಕ್ಕು ಯುದ್ಧಕ್ಕೆ ಆಧಾರವಾಗದು, ಒಮ್ಮೆ ಸಾರಿ ಹೇಳಿದ ಮಾತ್ರಕ್ಕೆ ನಂಬಬೇಕೆಂಬ ಕಟ್ಟುಪಾಡೂ ಅವರಿಗಿಲ್ಲ ಎಂದು ವಾದಿಸಿದ. ಆತ ಬೇರೆ ದಾರಿಯಿಂದ ಯುದ್ಧಕ್ಕೆ ಒಂದಷ್ಟು ಸಮರ್ಥನೆಗಳನ್ನು ಉಳಿಸಿಕೊಂಡದ್ದೂ ನಿಜ. ಆದರೂ ಆ ಮಾತು ದೊಡ್ಡದು. ಹೇಳಿದವನು ಹೇಳಿದ್ದರಿಂದ ಹೊಣೆ ಹುಟ್ಟುವುದಿಲ್ಲ, ಕೇಳಿದವನಿಗೆ ತಿಳಿದಾಗಲಷ್ಟೇ ಹುಟ್ಟುತ್ತದೆ. ದಿನವೂ ತರಗತಿ ಮುಗಿಸಿ ಆ ಮಠದ ಮುಂದೆಯೇ ಮನೆಗೆ ನಡೆದು ಹೋಗುತ್ತಿದ್ದೆ. ಅಲ್ಲಿ ವಿತೋರಿಯಾನ ಪ್ರತಿಮೆಯಿದೆ.

ಇದು ಐನೂರು ವರ್ಷದ ಹಿಂದಿನ ಕಥೆ ಎಂದು ಬಿಟ್ಟುಬಿಡಲಾಗದು. ನಮ್ಮ ಸೊಸೈಟಿಯಲ್ಲಿ ಮೂರು ಮನೆಗಳ ಕೆಲಸ ಮಾಡುವ ಹೆಂಗಸು ಯಾದಗಿರಿ ಕಡೆಯವಳು. ಮಳೆಯಿಲ್ಲದ ವರ್ಷ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದು ಇಲ್ಲೇ ಉಳಿದವಳು. ಅವಳ ಮರಾಠಿ ನನ್ನ ಸ್ಪ್ಯಾನಿಷ್‌ನಂತೆ ಹೊಸ್ತಿಲ ಮೇಲಿದೆ. ಒಮ್ಮೆ ಮಗನಿಗೆ ಆಪರೇಷನ್ ಆಗಬೇಕಿದ್ದಾಗ ಒಂದು ಆಸ್ಪತ್ರೆಯ ಕೌಂಟರಿನಲ್ಲಿ ಎರಡು ನಿಮಿಷದಲ್ಲಿ ಏನೇನೋ ಹೇಳಿ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಅವಳು ತಡವರಿಸಿದ್ದಕ್ಕೆ 'ಇವಳಿಗೆ ಬುದ್ಧಿ ಕಮ್ಮಿ' ಎಂದು ಅಲ್ಲಿದ್ದವರು ಆಡಿಕೊಂಡರಂತೆ. ನನ್ನ ಮುಂದೆ ಅವಳು ಹೇಳಿದ್ದಿಷ್ಟು: 'ಅಕ್ಕಾ, ಅವರು ಕೇಳಿದ್ದು ತಿಳೀತ್ರಿ. ಹೇಳ್ಲಾಕ ಬರ್ಲಿಲ್ಲ ಅಷ್ಟೇ.'

ನಾನು ತರಗತಿಯಲ್ಲಿ ಹೇಳಿದ ನಾಲ್ಕನೆಯ ವಾಕ್ಯವೂ ಅದೇ ಅಲ್ಲವೇ? ನಾನು ದುಡ್ಡು ಕೊಟ್ಟು ತೊದಲಲು ಹೋಗಿದ್ದೆ. ನನ್ನ ತೊದಲಿಗೆ ಚಪ್ಪಾಳೆ ಸಿಕ್ಕಿತು, ಅಜ್ಜಿ ತಟ್ಟೆಗೆ ಇನ್ನೊಂದು ತುಂಡು ಆಮ್ಲೆಟ್ ಹಾಕಿ ಎಷ್ಟು ಚೆನ್ನಾಗಿ ಮಾತಾಡುತ್ತೀ ಎಂದಳು, ಕೊನೆಗೆ ಸರ್ಟಿಫಿಕೇಟನ್ನೂ ಕೊಟ್ಟರು. ಬರಗಾಲ ಕಲಿಸಿದ ತೊದಲಿಗೆ ಗದರಿಕೆ ಸಿಗುತ್ತದೆ. ಇಬ್ಬರ ವ್ಯಾಕರಣ ಒಂದೇ ಮಟ್ಟದ್ದು. ವ್ಯತ್ಯಾಸ ಇರುವುದು ಬೆನ್ನಿಗಿರುವ ಹಣ ಮತ್ತು ಪಾಸ್‌ಪೋರ್ಟಿನಲ್ಲಿ. ಭಾಷೆ ಅರ್ಧ ಇದ್ದರೆ ಮನುಷ್ಯನೂ ಅರ್ಧ ಎಂದು ಬಗೆಯುವ ಅಭ್ಯಾಸ ಬಡವರ ಮೇಲೆ ಮಾತ್ರ ಪ್ರಯೋಗವಾಗುತ್ತದೆ.

ಹಾಗಾಗಿ ಮೊದಲಿನ ಪ್ರಶ್ನೆಗೆ ನನ್ನ ಉತ್ತರ ಇದು. ಮಾತಾಡುವವರ ಹೊಣೆ ಚಿಕ್ಕದು: ತಮ್ಮ ಮಾತು ಇಲ್ಲಿಗೆ ನಿಂತಿತು, ಯೋಚನೆ ನಿಂತಿಲ್ಲ ಎಂಬುದನ್ನು ಹೇಗಾದರೂ ತಿಳಿಸುವುದು. ಯಾವ ಭಾಷೆ ಕಲಿತರೂ 'ಹೇಗೆ ಹೇಳಬೇಕೋ ತಿಳಿಯದು' ಎಂಬ ವಾಕ್ಯವನ್ನು ಮೊದಲ ವಾರವೇ ಕಲಿಯಬೇಕು. ಕೇಳುವವರ ಹೊಣೆ ಅದಕ್ಕಿಂತ ದೊಡ್ಡದು: ಕೇಳಿಸಿದ ನಾಲ್ಕು ವಾಕ್ಯಗಳ ಹಿಂದೆ ನಲವತ್ತು ಇವೆ ಎಂದು ನಂಬಿ ಕಾಯುವುದು. ಅಧಿಕಾರ ಇರುವವರದು ಎಲ್ಲಕ್ಕಿಂತ ದೊಡ್ಡದು. ಸಹಿ, ಹೇಳಿಕೆ, ಒಪ್ಪಿಗೆ ತೆಗೆದುಕೊಳ್ಳುವವರು ಎದುರಿನವರ ಭಾಷೆ ಬಲ್ಲ ಒಬ್ಬರನ್ನು ಕರೆಸದೆ ತೆಗೆದುಕೊಂಡರೆ ಅದು ಒಪ್ಪಿಗೆಯಲ್ಲ, ಇನ್ನೊಂದು ರೆಕೆರಿಮಿಯೆಂತೊ.

ಕರೆಸಲು ಜನ ಎಲ್ಲಿದ್ದಾರೆ ಎಂದು ಕೇಳಬಹುದು. ನಾವಿದ್ದೇವಲ್ಲ. ಎರಡು ಮೂರು ಭಾಷೆ ಬರುವ ಹೊರನಾಡ ಕನ್ನಡಿಗರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ನಮ್ಮ ಕನ್ನಡ ಸಂಘಗಳು ನವೆಂಬರಿನಲ್ಲಿ ಧ್ವಜ ಹಾರಿಸುತ್ತವೆ, ನಾಟಕ ಆಡಿಸುತ್ತವೆ, ಒಳ್ಳೆಯದೇ. ಅದರ ಜೊತೆಗೆ ಆಸ್ಪತ್ರೆ, ಪೊಲೀಸ್ ಠಾಣೆ, ಶಾಲೆಯ ಕಚೇರಿಯಲ್ಲಿ ಅರ್ಧ ಗಂಟೆ ಪಕ್ಕದಲ್ಲಿ ನಿಂತು ಮಾತು ದಾಟಿಸುವವರ ಹೆಸರು, ಫೋನ್ ನಂಬರುಗಳ ಒಂದು ಪಟ್ಟಿ ಇಟ್ಟರೆ ಸಾಕು. ನಮ್ಮ ಸೊಸೈಟಿಯ ಕಾವಲುಗಾರನ ಮೇಜಿನ ಮೇಲೆ ಅಂಥದ್ದೊಂದು ಹಾಳೆ ಅಂಟಿಸಿದ್ದೇವೆ. ಸದ್ಯಕ್ಕೆ ಅದರಲ್ಲಿ ಐದು ಹೆಸರುಗಳಿವೆ.