ಬಲ್ಲವನೂ ಅರಿಯದವನೂ

ಹಳೆಯ ಮೋಟಾರುಗಾಡಿಯನ್ನು ಕಾಪಾಡಿಕೊಂಡು ಬಂದವನಿಗೆ ದಾರಿಹೋಕನು ಕೇಳುವ ಮೊದಲ ಪ್ರಶ್ನೆ ಪ್ರಾಯಶಃ ಅದರ ಬೆಲೆಯನ್ನು ಕುರಿತದ್ದು. ಇದರಿಂದ ಬೇಸರಗೊಂಡು ಮುಖ ತಿರುಗಿಸುವುದು ಯುಕ್ತವೇ?

1908ರಿಂದ 1927ರವರೆಗೆ ಅಮೆರಿಕೆಯಲ್ಲಿ ತಯಾರಾದ ಫೋರ್ಡ್ ಮಾಡೆಲ್ ಟಿ ಗಾಡಿಯನ್ನೇ ನೋಡಬಹುದು. ಅದಕ್ಕೆ ಮೂರು ಪೆಡಲುಗಳು: ಎಡದ್ದು ಗೇರಿಗೆ, ನಡುವಿನದು ಹಿಂದಕ್ಕೆ ನಡೆಸಲು, ಬಲದ್ದು ಬ್ರೇಕಿಗೆ. ವೇಗವನ್ನು ಹೆಚ್ಚಿಸುವುದು ಸ್ಟಿಯರಿಂಗ್ ಚಕ್ರದ ಕೆಳಗಿನ ಸಣ್ಣ ಸನ್ನೆಕೋಲಿನಿಂದ. ಇಂದಿನ ನುರಿತ ಚಾಲಕನೂ ಅಲ್ಲಿ ಕುಳಿತರೆ ಅಜ್ಞನೇ ಸರಿ. ಆದರೆ ಸುಮಾರು 1.5 ಕೋಟಿ ಗಾಡಿಗಳು ಹೊರಬಿದ್ದ ಆ ಕಾಲದಲ್ಲಿ ಇದು ಆ ದೇಶದ ಸಾಮಾನ್ಯ ರೈತನಿಗೂ ತಿಳಿದಿದ್ದ ವಿದ್ಯೆ. ಆದುದರಿಂದ ಈಗಿನವರು ಅರಿಯದಿರುವುದು ಕಾಲಧರ್ಮವೇ ಹೊರತು ದೋಷವಲ್ಲ.

ಬಲ್ಲವನು ಮೌನವನ್ನು ತಾಳಿದರೆ ಗಾಡಿ ಉಳಿದರೂ ವಿದ್ಯೆ ಅಳಿಯುವುದು. ಬೆಲೆಯನ್ನು ಕೇಳಿದವನಿಗೆ ಪೆಡಲುಗಳನ್ನು ತೋರಿಸಿ ವಿವರಿಸುವುದೇ ಒಡೆತನದ ಋಣವನ್ನು ತೀರಿಸುವ ಬಗೆ.