ದಾಕ್ಷಿಣ್ಯದ ತಟ್ಟೆ

ಅನ್ನ ಚೆಲ್ಲಬಾರದು ಎಂಬುದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಊಟವಾದ ಮೇಲೆ ತಟ್ಟೆಯ ಸುತ್ತ ಬಿದ್ದ ಅಗುಳನ್ನು ಆಯ್ದು ಬಾಯಿಗೆ ಹಾಕಿಕೊಳ್ಳುತ್ತಿದ್ದ ಅಮ್ಮನನ್ನು ನೋಡಿಯೇ ಬಂದದ್ದು. ಹಾಗಿದ್ದೂ ಐವತ್ತು ದಾಟಿದ ಮೇಲೆ, ಕಾಣದ ದೇಶಕ್ಕೆ ಹೋಗಿ, ಒಂದು ತಟ್ಟೆ ತುಂಬ ಊಟವನ್ನು ಕಾಗದದಲ್ಲಿ ಸುತ್ತಿ ಕಸದ ತೊಟ್ಟಿಗೆ ಹಾಕಿ ಬಂದೆ. ಅದು ಅನ್ನವಲ್ಲ, ಮಾಂಸ. ಅದಕ್ಕೆ ಪಾಪವಿಲ್ಲ ಎಂದು ಆ ಹೊತ್ತಿಗೆ ನನಗೆ ನಾನೇ ಹೇಳಿಕೊಂಡಿದ್ದೆ.

2009ರ ಮಾತು. ಮಗಳು ಅಥೆನ್ಸಿನಲ್ಲಿ ಓದುತ್ತಿದ್ದಳು. ಎರಡು ತಿಂಗಳು ಇದ್ದು ಬಾ ಎಂದು ಕರೆಸಿಕೊಂಡಳು. ಮನೆ ಇದ್ದದ್ದು ಕೈಸರ್ಯಾನಿ ಎಂಬ ಬಡಾವಣೆಯಲ್ಲಿ. 1922ರಲ್ಲಿ ಸ್ಮಿರ್ನಾ ಪಟ್ಟಣ ಸುಟ್ಟುಹೋದಾಗ ಏಷ್ಯಾ ಮೈನರಿನಿಂದ ಓಡಿಬಂದ ಗ್ರೀಕರು ನೆಲೆಯೂರಿದ ಜಾಗ ಅದು. ಮರುವರ್ಷ ಗ್ರೀಸು, ಟರ್ಕಿಗಳು ಒಪ್ಪಂದ ಮಾಡಿಕೊಂಡು ಜನರನ್ನೇ ಅದಲುಬದಲು ಮಾಡಿಕೊಂಡವು. ಒಟ್ಟು 12 ಲಕ್ಷದಷ್ಟು ಜನ ಹಾಗೆ ಬಂದರಂತೆ. ಬಂದವರನ್ನು ಇಲ್ಲಿಯ ಕೆಲವರು ‘ಮೊಸರಿನಲ್ಲಿ ದೀಕ್ಷೆ ಪಡೆದವರು’ ಎಂದು ಹಂಗಿಸುತ್ತಿದ್ದರಂತೆ. ಕೆಳಮನೆಯ ಒಡತಿಯ ತಾಯಿ ಹಾಗೆ ಬಂದವಳು. ಒಡತಿಗೆ ಆಗ ಎಪ್ಪತ್ತೈದು. ಮಗಳು ಆಕೆಯನ್ನು ‘ಯಯಾ’ ಎನ್ನುತ್ತಿದ್ದಳು. ಅಜ್ಜಿ ಎಂದೇ ಅರ್ಥ.

ನಾನು ಹೋದ ವಾರದಲ್ಲೇ ಯಯಾ ಒಂದು ಬಟ್ಟಲು ತಂದುಕೊಟ್ಟಳು. ಬೇಯಿಸಿದ ಗೋಧಿ, ದಾಳಿಂಬೆಯ ಕಾಳು, ಒಣದ್ರಾಕ್ಷಿ, ಬಾದಾಮಿ, ಸಕ್ಕರೆ. ನಮ್ಮ ಗೋಧಿ ಹುಗ್ಗಿಗೆ ಅಣ್ಣನೋ ತಮ್ಮನೋ ಆಗಬೇಕು ಅನ್ನಿಸಿತು. ಪೂರ್ತಿ ತಿಂದೆ. ಅದರ ಹೆಸರು ಕೋಲಿವಾ, ಸತ್ತವರ ಹೆಸರಿನಲ್ಲಿ ಹಂಚುವುದು ಎಂದು ಮಗಳು ಆಮೇಲೆ ಹೇಳಿದಳು. ನಮ್ಮಲ್ಲಿ ಪರರ ಶ್ರಾದ್ಧದ ಊಟವೆಂದರೆ ಹಿಂದೆಮುಂದೆ ನೋಡುತ್ತೇವಲ್ಲ, ಒಂದು ಕ್ಷಣ ನನಗೂ ಕಸಿವಿಸಿಯಾಯಿತು. ಆದರೆ ತಿಂದಾಗಿತ್ತು.

ಆಗ ಅವರ ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದ ಕಾಲ. ಮಾಂಸವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ, ಮೀನೂ ಒಂದೆರಡು ಹಬ್ಬದ ದಿನ ಬಿಟ್ಟರೆ ಇಲ್ಲ. ಆದರೆ ಆಕ್ಟೋಪಸ್ಸು ನಡೆಯುತ್ತದೆ! ಅದಕ್ಕೆ ರಕ್ತವಿಲ್ಲವೆಂದು ಲೆಕ್ಕ. ಏಕಾದಶಿಯ ದಿನ ಅನ್ನ ಬಿಟ್ಟು ಅವಲಕ್ಕಿ ತಿನ್ನುವ ನಾವು ನಗುವಂತಿಲ್ಲ. ನನಗಂತೂ ಆ ಉಪವಾಸ ಹಬ್ಬವಾಗಿತ್ತು. ಅಕ್ಕಿ ಹಾಕಿ ಬೇಯಿಸಿದ ಪಾಲಕ್ಕು, ಟೊಮೇಟೊ ರಸದಲ್ಲಿ ಒಲೆಯೊಳಗೆ ಬೆಂದ ದೊಡ್ಡ ಬೀನ್ಸ್ ಕಾಳು, ಅಕ್ಕಿ ತುಂಬಿ ಸುರುಳಿ ಸುತ್ತಿದ ದ್ರಾಕ್ಷಿ ಎಲೆ, ಗುಡ್ಡದಿಂದ ಕಿತ್ತು ತಂದ ಕಾಡುಸೊಪ್ಪಿಗೆ ನಿಂಬೆಹುಳಿ, ಆಲಿವ್ ಎಣ್ಣೆ. ದಿನವೂ ಯಯಾ ಮೆಟ್ಟಿಲು ಹತ್ತಿ ಬರುತ್ತಿದ್ದಳು. ನಾನು ಸಸ್ಯಾಹಾರಿ ಎಂದು ಹೇಳುವ ಪ್ರಸಂಗವೇ ಬರಲಿಲ್ಲ. ನನ್ನದು ಬಲು ನಿಷ್ಠೆಯ ಉಪವಾಸ ಎಂದು ಆಕೆ ತಿಳಿದಿರಬೇಕು.

ಈಸ್ಟರ್ ಕಳೆದ ಮೇಲೆ ಒಂದು ಸಂಜೆ ಬಾಗಿಲಾಚೆಯಿಂದ ಜೀರಿಗೆಯ ಪರಿಮಳ ಬಂತು. ಎರಡು ತಿಂಗಳ ಮೇಲೆ ಜೀರಿಗೆ! ಓಡಿಹೋಗಿ ಬಾಗಿಲು ತೆಗೆದೆ. ತಟ್ಟೆಯಲ್ಲಿ ಉದ್ದುದ್ದ ಉಂಡೆಗಳು, ಮೇಲೆ ಕೆಂಪು ಸಾರು. ಕೊಚ್ಚಿದ ಮಾಂಸದವು. ಸ್ಮಿರ್ನಾದ ಅಡಿಗೆ ಅದು. ಆ ನಿರಾಶ್ರಿತರ ಜೊತೆಗೇ ಬಂದದ್ದು. ತಾಯಿ ಕಲಿಸಿದ್ದನ್ನು ವಿಶೇಷವಾಗಿ ಮಾಡಿ ತಂದಿದ್ದಳು. ನಾನು ಎರಡೂ ಕೈಚಾಚಿ ತೆಗೆದುಕೊಂಡೆ. ಬೇಡ ಎನ್ನಲು ನಾಲಗೆ ಏಳಲಿಲ್ಲ.

ಮಗಳು ಇನ್ನೂ ಬಂದಿರಲಿಲ್ಲ. ಕತ್ತಲಾದ ಮೇಲೆ ಕಳ್ಳಿಯ ಹಾಗೆ ಹೋಗಿ ಬೀದಿಯ ತೊಟ್ಟಿಗೆ ಹಾಕಿಬಂದೆ. ಬೆಳಿಗ್ಗೆ ತಟ್ಟೆ ತೊಳೆದು, ಖಾಲಿ ಕೊಡಬಾರದೆಂದು ನಾಲ್ಕು ಕಿತ್ತಳೆಯಿಟ್ಟು ಕೆಳಗೆ ಹೋದೆ. ‘ಬಹಳ ರುಚಿ’ ಎಂಬ ಗ್ರೀಕ್ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೆ, ಅದನ್ನೂ ಹೇಳಿದೆ. ಯಯಾಳ ಕೈಯಲ್ಲಿ ಪೊರಕೆ ಇತ್ತು. ಬೀದಿ ಬೆಕ್ಕುಗಳು ನನ್ನ ಪೊಟ್ಟಣವನ್ನು ಎಳೆದು ತಂದು ಆಕೆಯ ಬಾಗಿಲಲ್ಲೇ ಹರಿದು ಹಾಕಿದ್ದವು. ಆಕೆ ತಟ್ಟೆ ತೆಗೆದುಕೊಂಡು, ಕಿತ್ತಳೆಗೆ ವಂದನೆ ಹೇಳಿ ಒಳಗೆ ಹೋದಳು.

ಆ ಸಂಜೆ ಮಗಳಿಗೆ ಎಲ್ಲ ಹೇಳಿದೆ. ಅವಳು ತಲೆಯ ಮೇಲೆ ಕೈಯಿಟ್ಟುಕೊಂಡು, ತನಗೆ ಗೊತ್ತಿದ್ದ ಕಥೆ ಹೇಳಿದಳು. 1941ರ ಏಪ್ರಿಲಿನಲ್ಲಿ ಜರ್ಮನರು ಅಥೆನ್ಸಿಗೆ ಬಂದರು. ದವಸ ಆಕ್ರಮಿಸಿದವರ ಪಾಲಾಯಿತು. ಸಮುದ್ರಕ್ಕೆ ಬ್ರಿಟಿಷರ ದಿಗ್ಬಂಧನ. ಆ ಚಳಿಗಾಲ ಬೀದಿಯಲ್ಲಿ ಹೆಣ ಎತ್ತುವ ಗಾಡಿಗಳು ಓಡಾಡಿದವು. ಆ ವರ್ಷಗಳಲ್ಲಿ ಇಡೀ ದೇಶದಲ್ಲಿ ಹಸಿವಿಗೆ ಸತ್ತವರು ಸುಮಾರು 3 ಲಕ್ಷ ಎಂಬ ಅಂದಾಜಿದೆ. ಕೆನಡಾದ ಗೋಧಿ ಸ್ವೀಡನ್ನಿನ ಹಡಗುಗಳಲ್ಲಿ ಬರಲು 1942 ಅರ್ಧ ಕಳೆದಿತ್ತು. ಯಯಾಗೆ ಆಗ ಏಳು ವರ್ಷ. ಅವಳ ತಮ್ಮ ಸತ್ತ. ತಾಯಿ ಅಧಿಕಾರಿಗಳಿಗೆ ತಿಳಿಸಲಿಲ್ಲ. ರಾತ್ರಿ ಒಯ್ದು ಸ್ಮಶಾನದ ಗೋಡೆಯ ಬಳಿ ಹೆಸರಿಲ್ಲದೆ ಬಿಟ್ಟುಬಂದಳು. ತಿಳಿಸಿದ್ದರೆ ಅವನ ರೇಷನ್ ಚೀಟಿ ಹೋಗುತ್ತಿತ್ತು. ಹಾಗೆ ಮಾಡಿದವರು ಆಗ ಎಷ್ಟೋ ಮಂದಿ. ತಮ್ಮನ ಪಾಲಿನ ಬ್ರೆಡ್ಡನ್ನು ತಿಂಗಳುಗಟ್ಟಲೆ ತಿಂದು ಯಯಾ ಉಳಿದಳು. ನಾನು ತಿಂದ ಕೋಲಿವಾ ಆ ಹುಡುಗನದು.

ಆ ತಾಯಿ ಸುಳ್ಳು ಹೇಳಿದಳು, ನಾನೂ ಹೇಳಿದೆ. ಅವಳದನ್ನು ತಪ್ಪೆನ್ನುವ ಧೈರ್ಯ ಯಾರಿಗಿದೆ? ನನ್ನದಕ್ಕೆ ದಾಕ್ಷಿಣ್ಯ ಎಂಬ ಒಳ್ಳೆಯ ಹೆಸರಿದೆ. ಹೆಣ್ಣುಮಕ್ಕಳಿಗೆ ಅದನ್ನು ಗುಣವೆಂದೇ ಕಲಿಸುತ್ತಾರೆ: ಕೊಟ್ಟದ್ದನ್ನು ತೆಗೆದುಕೋ, ಚೆನ್ನಾಗಿದೆ ಅನ್ನು, ಮನಸ್ಸು ನೋಯಿಸಬೇಡ. ನಿಜವಾಗಿ ನಾನು ಉಳಿಸಿಕೊಂಡದ್ದು ಯಯಾಳ ಮನಸ್ಸನ್ನಲ್ಲ, ಒಳ್ಳೆಯವಳೆಂಬ ನನ್ನ ಹೆಸರನ್ನು. ಮಾಂಸ ತಿನ್ನಬೇಕಿತ್ತು ಎಂದು ಇಂದಿಗೂ ನನಗನ್ನಿಸುವುದಿಲ್ಲ. ತಿನ್ನುವುದಿಲ್ಲವೆಂದು ತಲೆಯಾಡಿಸಿದ್ದರೆ ಆ ತಟ್ಟೆ ಇನ್ನೊಬ್ಬರ ಹೊಟ್ಟೆ ಸೇರುತ್ತಿತ್ತು. ಬೆಕ್ಕುಗಳಿಗಾದರೂ ನಾನೇ ಎದುರಿಗೆ ನಿಂತು ಹಾಕಬಹುದಿತ್ತು. ಯಾರಾದರೂ ನೋಡಿಯಾರೆಂದು ಹಾಕಲಿಲ್ಲ.

ಕ್ಷಮೆ ಕೇಳೋಣವೆಂದು ಮಗಳನ್ನು ಕರೆದುಕೊಂಡು ಇಳಿದೆ. “ಏನಂತ ಹೇಳಲಿ ಅಮ್ಮಾ?” ಎಂದಳು. ಎಸೆದದ್ದಕ್ಕೇ? ಸುಳ್ಳಿಗೇ? “ನಾನು ಮಾಂಸ ತಿನ್ನುವುದಿಲ್ಲ ಅಂತ ಹೇಳು. ಮೊದಲೇ ಹೇಳಬೇಕಿತ್ತು ಅಂತಲೂ ಹೇಳು” ಎಂದೆ. ಯಯಾ ಕೇಳಿಸಿಕೊಂಡಳು. ಏನೂ ಹೇಳಲಿಲ್ಲ.

ನಾಲ್ಕು ದಿನ ಮೆಟ್ಟಿಲ ಮೇಲೆ ಸದ್ದಿರಲಿಲ್ಲ. ಐದನೆಯ ದಿನ ಬಂದಳು. ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಎಣ್ಣೆ, ಹಸಿ ಈರುಳ್ಳಿ, ನಮ್ಮ ತೊವ್ವೆಯೇ. ಈ ಸಲ ಕೊಟ್ಟು ಹೋಗಲಿಲ್ಲ. ಕುರ್ಚಿ ಎಳೆದು ಎದುರಿಗೆ ಕುಳಿತಳು. ನಾನು ತಿಂದು ಮುಗಿಸಿದೆ. ಬಟ್ಟಲಿನ ಅಂಚಿಗೆ ಅಂಟಿದ್ದನ್ನು ತೋರಿಸಿ, ಬ್ರೆಡ್ಡಿನ ಚೂರೊಂದನ್ನು ನನ್ನ ಕಡೆ ತಳ್ಳಿದಳು.